ಹೊಸ ಪೆಟ್ಟಿಗೆ, ಹಳೆಯ ವಿಂಡೋಸ್

2007ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ವಿಸ್ಟಾ ಜನಸಾಮಾನ್ಯರ ಕೈಗೆ ಬಂತು. ಅದರ ಅಂದಚಂದದ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದವು. ಆದರೆ ಶಿವಮೊಗ್ಗ, ಭದ್ರಾವತಿಗಳನ್ನು ಪೋಣಿಸುವ ಬಿ.ಎಚ್. ರಸ್ತೆಯಂಥ ಕಡೆಗಳ ಡಿಟಿಪಿ ಅಂಗಡಿಗಳ ಲೆಕ್ಕಾಚಾರವೇ ಬೇರೆ. ಹೊಸ ಗಣಕ ಬಂದರೆ ಮೊದಲು ಅದರೊಳಗಿನ ವಿಸ್ಟಾವನ್ನು ಅಳಿಸಬೇಕು, 2001ರ ಎಕ್ಸ್‌ಪಿಯನ್ನು ತುಂಬಬೇಕು. ಲಗ್ನಪತ್ರಿಕೆ, ಕರಪತ್ರ, ಅಡಿಕೆ ಮಂಡಿಯ ಬಿಲ್ ಪುಸ್ತಕ ಎಲ್ಲ ಆಮೇಲೆ. ದುಡ್ಡು ಕೊಟ್ಟು ಹೊಸದನ್ನು ತಂದು ಹಳೆಯದಾಗಿ ಮಾಡಿಕೊಳ್ಳುವ ಈ ಕೆಲಸವನ್ನು ಕಂಡು ನಕ್ಕವರುಂಟು. ನಗುವ ಮುನ್ನ ಕನ್ನಡ ಅಕ್ಷರಗಳು ಗಣಕದೊಳಗೆ ಹೊಕ್ಕ ಬಗೆಯನ್ನು ತಿಳಿಯಬೇಕು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಅಂಕಿಯನ್ನು ಗೊತ್ತುಪಡಿಸಿದರೆ ಕೆಲಸ ನಡೆಯುತ್ತದೆ. ಹಳೆಯ ಫಾಂಟುಗಳಲ್ಲಿ ಇಂಥ ಮನೆಗಳು ಹೆಚ್ಚೆಂದರೆ 256. ಇಂಗ್ಲಿಷಿಗೆ ಅದು ಧಾರಾಳ. ಕಾಗುಣಿತ, ಒತ್ತಕ್ಷರಗಳ ಕನ್ನಡಕ್ಕೆ ಎಲ್ಲಿ ಸಾಲಬೇಕು? ಆದ್ದರಿಂದ ನಮ್ಮ ತಂತ್ರಜ್ಞರು ಒಂದು ಉಪಾಯ ಹೂಡಿದರು. ಅಕ್ಷರಗಳನ್ನು ತುಂಡು ಮಾಡಿ, ಮೈ ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ ಇರಿಸಿದರು. ಮನೆಗಳೆಲ್ಲ ರೋಮನ್ ಅಕ್ಷರಗಳವು. ಕನ್ನಡ ಅಲ್ಲಿ ಬಾಡಿಗೆಗೆ ಕುಳಿತಿತು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ 'ಕನ್ನಡ' ಎಂಬ ಪದವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದು ನೋಡಿ: ಮೊದಲು ಇಂಗ್ಲಿಷಿನ ಪಿ, ನಂತರ ತಲೆಯ ಮೇಲೆ ಗೀಟುಳ್ಳ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಒತ್ತಕ್ಷರದ ಜಾಗದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ! ಗಣಕದ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಕನ್ನಡ ಇರುವುದು ಫಾಂಟಿನ ವೇಷದಲ್ಲಿ ಮಾತ್ರ.

ಪ್ರಕಾಶಕ್, ಶ್ರೀಲಿಪಿ, ಆಕೃತಿ ಮುಂತಾದ ವಾಣಿಜ್ಯ ತಂತ್ರಾಂಶಗಳು ಈ ತುಂಡುಗಳನ್ನು ತಮ್ಮ ತಮ್ಮ ಇಷ್ಟದಂತೆ ಜೋಡಿಸಿಕೊಂಡವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬಾರದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದ ಮೇಲೆ ಸಾಮಾನ್ಯರಿಗೂ ಕನ್ನಡ ಟೈಪಿಂಗ್ ಎಟುಕಿತು. ಆದರೆ ಪುಟ ಕಟ್ಟಲು ಎಲ್ಲರೂ ನಂಬಿದ್ದು ಪೇಜ್‌ಮೇಕರನ್ನು. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ವಿಸ್ಟಾಕ್ಕೆ ಅದನ್ನು ಹೊಂದಿಸುವ ಗೋಜಿಗೆ ಅಡೋಬಿ ಕಂಪನಿ ಹೋಗಲಿಲ್ಲ. ಜೊತೆಗೆ ಡಾಂಗಲ್ ಎಂಬ ಬೀಗವೊಂದಿತ್ತು. ಕಳ್ಳ ನಕಲು ತಡೆಯಲು ಗಣಕದ ಹಿಂಬದಿಯ ಪ್ರಿಂಟರ್ ಕಿಂಡಿಗೆ ಸಿಕ್ಕಿಸುತ್ತಿದ್ದ ಪುಟ್ಟ ಡಬ್ಬಿ ಅದು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಕನ್ನಡ ತಂತ್ರಾಂಶ ಆ ಡಬ್ಬಿ ಇಲ್ಲದೆ ತೆರೆಯದು. ಹೊಸ ವಿಂಡೋಸ್ ಅದನ್ನು ಗುರುತಿಸಲಿಲ್ಲವೆಂದರೆ ಅಂಗಡಿಯೇ ಬಂದ್.

ಹಿಂದಕ್ಕೆ ಹೋಗುವ ದಾರಿಯನ್ನು ಕಾನೂನೇ ಬಿಟ್ಟುಕೊಟ್ಟಿತ್ತು. ವಿಸ್ಟಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿ ಕೊಂಡವರು ಎಕ್ಸ್‌ಪಿ ಪ್ರೊಫೆಷನಲ್ ಬಳಸಬಹುದೆಂದು ಮೈಕ್ರೋಸಾಫ್ಟ್ ಒಪ್ಪಿತ್ತು. ಅಗ್ಗದ ಹೋಂ ಆವೃತ್ತಿಗೆ ಈ ಹಕ್ಕಿರಲಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಹಕ್ಕಿಗಿಂತ ನಕಲು ಸಿ.ಡಿ.ಯೇ ಹೆಚ್ಚು ಓಡಾಡಿತೆಂಬುದು ಬೇರೆ ಮಾತು. ಕೆಲಸವೇನೂ ಸಲೀಸಾಗಿರಲಿಲ್ಲ. ಹೊಸ ಯಂತ್ರದ ಹಾರ್ಡ್‌ಡಿಸ್ಕ್ ಸಾಟಾ ಎಂಬ ಹೊಸ ಬಗೆಯದು. ಎಕ್ಸ್‌ಪಿಗೆ ಅದರ ಪರಿಚಯವಿಲ್ಲ. ಅರ್ಧ ದಾರಿಯಲ್ಲಿ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ಆಗ ಬಯೋಸ್ ತೆರೆದು ಆ ಡಿಸ್ಕು ಹಳೆಯ ಐಡಿಇ ಡಿಸ್ಕಿನಂತೆ ನಟಿಸುವ ಹಾಗೆ ಮಾಡಬೇಕು. ಇಲ್ಲವೇ ಎಫ್6 ಕೀಲಿ ಒತ್ತಿ ಫ್ಲಾಪಿಯಿಂದ ಬೇಕಾದ ಡ್ರೈವರನ್ನು ಉಣಿಸಬೇಕು. ಹೊಸ ಗಣಕದಲ್ಲಿ ಫ್ಲಾಪಿ ಹಾಕುವ ಜಾಗವೇ ಇಲ್ಲದಿದ್ದರೆ ಅದನ್ನೂ ಹುಡುಕಿ ತರಬೇಕು!

ವಿಚಿತ್ರವೆಂದರೆ, ಈ ಸರ್ಕಸ್ಸನ್ನೆಲ್ಲ ತಪ್ಪಿಸಬಲ್ಲ ವಿದ್ಯೆ ಎಕ್ಸ್‌ಪಿಯೊಳಗೇ ಇತ್ತು. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಅಂಕಿ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. ಎಕ್ಸ್‌ಪಿಯಲ್ಲಿ ಅದಕ್ಕಾಗಿ 'ತುಂಗಾ' ಎಂಬ ಫಾಂಟೂ ಇತ್ತು. ಶಿವಮೊಗ್ಗದವರಿಗೆ ಹೆಸರೇ ಸಾಕಿತ್ತು! ಆದರೆ ಆ ಸೌಲಭ್ಯವನ್ನು ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಹುಡುಕಿ, ಮತ್ತೆ ಸಿ.ಡಿ. ಹಾಕಿ ಎಬ್ಬಿಸಬೇಕಿತ್ತು. ಎಬ್ಬಿಸಿದರೂ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಗಿರಾಕಿ ಸಂಜೆಗೆ ಪತ್ರಿಕೆ ಬೇಕೆಂದು ನಿಂತಿರುವಾಗ ಶಿಷ್ಟತೆಯ ಚರ್ಚೆಗೆ ವ್ಯವಧಾನ ಯಾರಿಗೆ? ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಕೆ. ಚಿದಾನಂದ ಗೌಡರ ನೇತೃತ್ವದಲ್ಲಿ ಸರ್ಕಾರ ಕನ್ನಡ ತಂತ್ರಾಂಶ ಸಮಿತಿ ರಚಿಸಿತು. 2012ರಲ್ಲಿ ಯೂನಿಕೋಡನ್ನು ಅಧಿಕೃತವಾಗಿ ಒಪ್ಪಿತು. ಒಂದು ದಶಕ ಮೊದಲೇ ಈ ತೀರ್ಮಾನ ಆಗಿದ್ದರೆ ಎಷ್ಟೋ ಬರಹ ಉಳಿಯುತ್ತಿತ್ತೆಂಬುದು ನನ್ನ ಅಭಿಪ್ರಾಯ.

2014ರ ಏಪ್ರಿಲ್ 8ರಂದು ಎಕ್ಸ್‌ಪಿಯ ಭದ್ರತಾ ಪರಿಷ್ಕರಣೆ ನಿಂತಿತು. ಅದೇ ವರ್ಷ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು 'ಶಿಮೊಗಾ' ಹೋಗಿ 'ಶಿವಮೊಗ್ಗ' ಆಯಿತು. ಲೆಟರ್‌ಹೆಡ್‌ಗಳ ವಿಳಾಸವನ್ನೆಲ್ಲ ತಿದ್ದಬೇಕಾಯಿತು. ತಿದ್ದಬೇಕಾದ ಕಡತಗಳು ಇದ್ದದ್ದು ಹಳೆಯ ಗಣಕಗಳಲ್ಲಿ.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. 1981ರಿಂದ ಅದು ಸುದ್ದಿಪತ್ರಿಕೆಯ ಕಾಗದವನ್ನೂ ತಯಾರಿಸಿತು. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಆದರೆ ಆ ಕಾಗದದ ಮೇಲೆ ಅಚ್ಚಾದ ಹಾಳೆ ಎಷ್ಟೇ ಹಳದಿಯಾಗಿದ್ದರೂ ಇಂದಿಗೂ ಓದಬಹುದು. 2001ರಲ್ಲಿ ಪೇಜ್‌ಮೇಕರಿನಲ್ಲಿ ಕಟ್ಟಿದ ಪುಸ್ತಕ, ಸ್ಮರಣ ಸಂಚಿಕೆ, ದೇವಸ್ಥಾನದ ಸ್ಥಳಪುರಾಣಗಳ ಕಡತಗಳಿಗೆ ಆ ಭಾಗ್ಯವಿಲ್ಲ. ಅಚ್ಚಾದ ಪ್ರತಿಗಳು ಮುಗಿದಿದ್ದರೆ ಉಳಿದಿರುವುದು ಆ ಕಡತವೊಂದೇ.

ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಉಚಿತವಾಗಿಯೇ ಸಿಗುತ್ತವೆ. ಆದರೂ ಅದು ಗುಂಡಿ ಒತ್ತಿ ಕೈ ತೊಳೆದುಕೊಳ್ಳುವ ಕೆಲಸವಲ್ಲ. ನುಡಿಗೆ ಒಗ್ಗುವ ಪರಿವರ್ತಕ ಪ್ರಕಾಶಕಕ್ಕೆ ಒಗ್ಗದು. 'ಧರ್ಮ' ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಧ, ಮ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಿ ನುಡಿಯುವ ಕ್ರಮ: ರ್ ಮೊದಲು, ಮ ಆಮೇಲೆ. ಎಲ್ಲಾದರೂ ಇದು ಅದಲುಬದಲಾದರೆ ಪದ ಕೆಡುತ್ತದೆ; ಪುಟಪುಟವನ್ನೂ ಮತ್ತೆ ಕರಡು ತಿದ್ದಬೇಕು. ಮದುವೆಯ ದಿನಗಳಲ್ಲಿ ಅಂಗಡಿಯವರಿಗೆ ಅಷ್ಟು ಪುರಸೊತ್ತಿಲ್ಲ.

ಹಾಗಾಗಿ ಹೊಸ ಗಣಕದೊಳಗೇ ಒಂದು ಕಿಟಕಿ ತೆರೆದು ಅದರಲ್ಲಿ ಎಕ್ಸ್‌ಪಿಯನ್ನು ಓಡಿಸುವ 'ವರ್ಚುವಲ್ ಯಂತ್ರ'ದ ಉಪಾಯ ಬಂದಿದೆ. ಇಲ್ಲಿ ಹೊಸದನ್ನು ಅಳಿಸಬೇಕಾಗಿಲ್ಲ. ಆದರೆ ಪ್ರಿಂಟರ್ ಕಿಂಡಿಯ ಆ ಹಳೆಯ ಡಾಂಗಲ್ ಈ ಕಿಟಕಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ನೆಚ್ಚಿಕೊಂಡವರು ಹಳೆಯ ಪೆಟ್ಟಿಗೆಯನ್ನೇ, ಇಂಟರ್‌ನೆಟ್ಟಿನ ತಂತಿ ಕಿತ್ತು, ಮೂಲೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.