ಕಾರವಾರದ ಕಡಲು, ಚೀನಾಭವನ ಮತ್ತು ಕೊಂಕಣಪುರದ ಪ್ರಶ್ನೆ

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಐ.ಸಿ.ಎಸ್. ಸೇವೆಗೆ ಆಯ್ಕೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದುದರಿಂದಲೇ ಕಾರವಾರಕ್ಕೆ ಜಿಲ್ಲಾ ನ್ಯಾಯಾಧೀಶರಾಗಿ ಬರುವುದು ಸಾಧ್ಯವಾಯಿತು. 1883ರಲ್ಲಿ ಅಣ್ಣನ ಮನೆಗೆ ಬಂದ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡು ವರ್ಷ. ಅರ್ಧಚಂದ್ರಾಕಾರದ ಕಡಲತೀರ, ಗಾಳಿಮರಗಳ ಸಾಲು, ಬೆಳದಿಂಗಳಲ್ಲಿ ಕಾಳಿನದಿಯ ಮೇಲಿನ ದೋಣಿಯಾನ ಇವೆಲ್ಲ ಅವರ ಆತ್ಮಕಥನ ‘ಜೀವನಸ್ಮೃತಿ’ಯಲ್ಲಿ ದಾಖಲಾಗಿವೆ. ‘ಪ್ರಕೃತಿಯ ಪ್ರತಿಶೋಧ’ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಲೋಕದ ನಂಟನ್ನೆಲ್ಲ ಕಡಿದುಕೊಂಡ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲೆಯೊಬ್ಬಳ ವಾತ್ಸಲ್ಯವು ಮರಳಿ ಲೋಕಕ್ಕೆ ಸೆಳೆಯುವುದು ಅದರ ವಸ್ತು. ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಅದೊಂದು ಪೀಠಿಕೆಯೆಂದು ಕವಿಯೇ ಹೇಳಿಕೊಂಡಿದ್ದಾರೆ.

ಕಾರವಾರದ ಪ್ರಸಂಗವನ್ನು ಇಷ್ಟಕ್ಕೇ ನಿಲ್ಲಿಸುವುದು ವಾಡಿಕೆ. ಕಾರವಾರಕ್ಕೆ ಬರುವ ಎರಡು ವರ್ಷ ಮೊದಲು, 1881ರಲ್ಲಿ, ಈ ತರುಣನು ‘ಭಾರತೀ’ ಪತ್ರಿಕೆಯಲ್ಲಿ ಚೀನಾದೊಡನೆ ನಡೆಯುತ್ತಿದ್ದ ಅಫೀಮು ವ್ಯಾಪಾರವನ್ನು ಸಾವಿನ ವ್ಯಾಪಾರವೆಂದು ಖಂಡಿಸಿ ಬರೆದಿದ್ದನೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಆ ಕಾಳಜಿ ಮುಂದೆ ವಿದ್ಯಾಸಂಸ್ಥೆಯ ರೂಪ ತಾಳಿತು. 1921ರಲ್ಲಿ ಫ್ರೆಂಚ್ ವಿದ್ವಾಂಸ ಸಿಲ್ವಾಂ ಲೆವಿ ಶಾಂತಿನಿಕೇತನಕ್ಕೆ ಬಂದಾಗ ಅಲ್ಲಿ ಚೀನೀ ಮತ್ತು ಟಿಬೆಟನ್ ಭಾಷೆಗಳ ಪಾಠ ಮೊದಲಾಯಿತು. 1924ರಲ್ಲಿ ಠಾಕೂರರು ಚೀನಾ ಪ್ರವಾಸ ಕೈಗೊಂಡರು. 1927ರಲ್ಲಿ ಅವರನ್ನು ಸಿಂಗಾಪುರದಲ್ಲಿ ಕಂಡ ತಾನ್ ಯುನ್-ಶಾನ್ ಮರುವರ್ಷ ಶಾಂತಿನಿಕೇತನಕ್ಕೆ ಬಂದರು. 1937ರ ಏಪ್ರಿಲ್ 14ರಂದು ಚೀನೀ ಭಾಷೆ, ಸಾಹಿತ್ಯ ಮತ್ತು ಸಂಸ್ಕೃತಿಗಳ ಅಧ್ಯಯನಕ್ಕೆಂದೇ ಮೀಸಲಾದ ಚೀನಾಭವನ ಅಲ್ಲಿ ಪ್ರಾರಂಭವಾಯಿತು. ತಾನ್ ಅವರೇ ಅದರ ನಿರ್ದೇಶಕರಾದರು.

ಈ ವಿದ್ಯೆಗೂ ಕನ್ನಡ ನಾಡಿನ ಚರಿತ್ರೆಗೂ ಏನು ಸಂಬಂಧ? ಉತ್ತರಕ್ಕೆ ಏಳನೆಯ ಶತಮಾನಕ್ಕೆ ಹೋಗಬೇಕು. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದುದನ್ನು ಜೈನಕವಿ ರವಿಕೀರ್ತಿಯು ಶಕವರ್ಷ 556ರ, ಅಂದರೆ ಕ್ರಿ.ಶ. 634ರ, ಐಹೊಳೆಯ ಮೇಗುಟಿ ಜಿನಾಲಯದ ಶಾಸನದಲ್ಲಿ ಸಾರಿದ್ದಾನೆ. ಆದರೆ ಅದು ತನ್ನ ದೊರೆಯ ಕುರಿತು ಕವಿ ಬರೆದ ಪ್ರಶಸ್ತಿ. ಪ್ರಶಸ್ತಿಯ ಮಾತಿಗೆ ಹೊರಗಿನ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ನುಡಿದವನು ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್. ಹರ್ಷನ ಆದರಕ್ಕೆ ಪಾತ್ರನಾಗಿದ್ದೂ, ಪುಲಕೇಶಿಯ ಜನರು ಹರ್ಷನಿಗೆ ಮಣಿಯಲಿಲ್ಲವೆಂದು ಅವನು ಬರೆದನು. ಜೈನಕವಿಯ ಸಂಸ್ಕೃತ ಶಾಸನ, ಬೌದ್ಧ ಭಿಕ್ಷುವಿನ ಚೀನೀ ಗ್ರಂಥ ಇವೆರಡೂ ಒಂದನ್ನೊಂದು ಕಾಣದೆಯೇ ಒಂದೇ ಮಾತನ್ನು ಆಡುತ್ತವೆ.

ಇಲ್ಲಿ ಸಾಕ್ಷಿ ಸ್ಪಷ್ಟವಾಗಿದೆ. ಅದೇ ಗ್ರಂಥದ ಇನ್ನೊಂದು ಭಾಗ ಮಾತ್ರ ಇಂದಿಗೂ ಒಗಟಾಗಿ ಉಳಿದಿದೆ. ದ್ರಾವಿಡ ದೇಶದಿಂದ ಉತ್ತರಕ್ಕೆ ಎರಡು ಸಾವಿರಕ್ಕೂ ಹೆಚ್ಚು ಲೀ ನಡೆದು ಯಾತ್ರಿಕನು ತಲುಪಿದ ನಾಡನ್ನು ವಿದ್ವಾಂಸರು ‘ಕೊಂಕಣಪುರ’ ಎಂದು ಗುರುತಿಸಿದ್ದಾರೆ. ಅಲ್ಲಿ ಸುಮಾರು ನೂರು ಸಂಘಾರಾಮಗಳೂ ಹತ್ತು ಸಾವಿರ ಭಿಕ್ಷುಗಳೂ ಇದ್ದರು. ಅರಮನೆಯ ಬಳಿಯ ವಿಹಾರದಲ್ಲಿ ಸಿದ್ಧಾರ್ಥನ ಕಿರೀಟವೆಂದು ನಂಬಲಾದ ವಸ್ತುವನ್ನು ಕಾಪಾಡಿದ್ದರು. ನಗರದ ಉತ್ತರಕ್ಕೆ ಮೂವತ್ತು ಲೀ ಸುತ್ತಳತೆಯ ತಾಳೆಯ ವನವಿತ್ತು, ಅದರ ಎಲೆಗಳನ್ನು ಬರವಣಿಗೆಗೆ ಬಳಸುತ್ತಿದ್ದರು ಎಂದು ಅವನ ಹೇಳಿಕೆ. ಈ ನಗರ ಯಾವುದು? ವಿವಿಯೆನ್ ದ ಸೇಂಟ್ ಮಾರ್ಟಿನ್ ಬನವಾಸಿಯೆಂದರು, ಕನ್ನಿಂಗ್‌ಹ್ಯಾಮ್ ಆನೆಗೊಂದಿಯೆಂದರು. ಮೊದಲನೆಯ ಮತ ನಿಂತರೆ ಇದು ಉತ್ತರ ಕನ್ನಡದ್ದೇ ಚರಿತ್ರೆಯಾಗುತ್ತದೆ. ಮೂರನೆಯ ಸಂಗೀತಿಯ ಬಳಿಕ ರಕ್ಖಿತ ಥೇರನನ್ನು ವನವಾಸಕ್ಕೆ ಕಳುಹಿಸಲಾಯಿತೆಂಬ ‘ಮಹಾವಂಸ’ದ ಹೇಳಿಕೆಯೂ ಬನವಾಸಿಯ ಕಡೆಗೆ ಗಮನ ಸೆಳೆಯುತ್ತದೆ.

ಈ ಚರ್ಚೆಯ ತೊಡಕು ಭೂಗೋಳದ್ದಷ್ಟೇ ಅಲ್ಲ, ಭಾಷೆಯದ್ದೂ ಹೌದು. ಚೀನೀ ಬರಹದಲ್ಲಿ ಪರದೇಶದ ಹೆಸರುಗಳನ್ನು ಧ್ವನಿಗೆ ಸಮೀಪದ ಅಕ್ಷರಗಳಿಂದ ಸೂಚಿಸುತ್ತಾರೆ. ಯಾತ್ರಿಕನ ಗ್ರಂಥದಲ್ಲಿ ಈ ಹೆಸರಿಗೆ ಐದು ಅಕ್ಷರಗಳಿವೆ; ಇಂದಿನ ಉಚ್ಚಾರದಲ್ಲಿ ಅದು ಹೆಚ್ಚುಕಡಿಮೆ ‘ಗುಂಗ್-ಜಿಯೆನ್-ನಾ-ಬು-ಲುವೊ’. ಶಿಷ್ಯನಾದ ಹ್ವೀಲೀ ಬರೆದ ಜೀವನಚರಿತ್ರೆಯಲ್ಲಿ ನಾಲ್ಕೇ ಅಕ್ಷರಗಳಿವೆ, ಮೊದಲನೆಯದಿಲ್ಲ. ಆ ಒಂದು ಅಕ್ಷರವಿಲ್ಲದಿದ್ದರೆ ‘ಕೊಂಕಣ’ ಎಂಬ ಓದಿಗೆ ಆಧಾರ ಸಡಿಲಾಗುತ್ತದೆ. ತಾಂಗ್ ಕಾಲದ ಉಚ್ಚಾರ, ಪಾಠಾಂತರ, ಪ್ರತಿಗಳ ಪರಂಪರೆ ಇವನ್ನು ಮೂಲದಲ್ಲಿ ನೋಡಬಲ್ಲವರು ಮಾತ್ರ ಈ ವಿಷಯದಲ್ಲಿ ಅಧಿಕಾರಯುತವಾಗಿ ನುಡಿಯಬಹುದು. ಕನ್ನಡದ ಸಂಶೋಧನೆಯಾದರೋ ಬಹುಮಟ್ಟಿಗೆ 1884ರ ಬೀಲ್, ಅನಂತರದ ವಾಟರ್ಸ್ ಮೊದಲಾದವರ ಇಂಗ್ಲಿಷ್ ಕೃತಿಗಳನ್ನೇ ನಂಬಿ ನಡೆದಿದೆ. ಚೀನೀ ಬಲ್ಲವರಿಗೆ ಬನವಾಸಿಯ ಶಾಸನಗಳ ಪರಿಚಯವಿಲ್ಲ. ಶಾಸನ ಬಲ್ಲವರಿಗೆ ಚೀನೀ ಲಿಪಿ ತಿಳಿಯದು. ಇವೆರಡು ವಿದ್ಯೆಗಳು ಒಬ್ಬರಲ್ಲಿಯೇ ಕೂಡಿದ ಉದಾಹರಣೆ ಅತಿವಿರಳ.

ಹಳಗನ್ನಡ, ಸಂಸ್ಕೃತ, ಪ್ರಾಕೃತಗಳನ್ನು ಒಟ್ಟಿಗೆ ಕಲಿಯುವ ಶಿಸ್ತು ಕನ್ನಡ ವಿದ್ವತ್ತಿಗೆ ಹೊಸದಲ್ಲ. ಆ ಪಟ್ಟಿಗೆ ಚೀನೀ ಭಾಷೆಯೂ ಸೇರಬೇಕೆಂಬುದಕ್ಕೆ ಕೊಂಕಣಪುರದ ಪ್ರಶ್ನೆಯೇ ಸಾಕಷ್ಟು ಕಾರಣ. ದಿನಕರ ದೇಸಾಯಿಯವರ ಶ್ರಮದಿಂದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು ಹುಟ್ಟಿದಾಗ, ಉನ್ನತ ಶಿಕ್ಷಣವು ಕರಾವಳಿಯ ಬಡ ಮಕ್ಕಳ ಮನೆಬಾಗಿಲಿಗೆ ಬಂದಿತು. ಕಾರವಾರ, ಅಂಕೋಲೆಗಳ ತರಗತಿಯಿಂದ ಹೊರಟ ಒಬ್ಬ ವಿದ್ಯಾರ್ಥಿಯಾದರೂ ಶಾಂತಿನಿಕೇತನದ ಚೀನಾಭವನದಲ್ಲಿ ಕಲಿತು, ಆ ಐದು ಅಕ್ಷರಗಳನ್ನು ಸ್ವತಃ ಓದಿ, ಬನವಾಸಿಯ ನೆಲವನ್ನು ತನ್ನ ಕಾಲಿನಿಂದ ಅಳೆದರೆ ಈ ಚರ್ಚೆಗೆ ಹೊಸ ಆಧಾರ ದೊರಕೀತು. ಕಾರವಾರದ ತೀರದಲ್ಲಿ ಮನಸ್ಸು ಮಾಗಿಸಿಕೊಂಡ ಕವಿ ಕಟ್ಟಿಸಿದ ಆ ಮನೆಗೆ ಈ ಜಿಲ್ಲೆಯವರು ಹೋಗಬೇಕಾದುದು ಕವಿಯ ನೆನಪಿಗಾಗಿ ಅಲ್ಲ, ತಮ್ಮದೇ ಊರಿನ ಹೆಸರನ್ನು ಹುಡುಕುವುದಕ್ಕಾಗಿ.