ಮಿದುಳಿನ ಭಾಷಾ ತಾಣಗಳು ಮತ್ತು ನರಮಾರ್ಗಗಳು: ಸಂಶೋಧನೆಯ ಇತಿಹಾಸ

ಮಾತಾಡಲು, ಕೇಳಿದ ಮಾತನ್ನು ಅರಿಯಲು ದುಡಿಯುವ ಮಿದುಳಿನ ಭಾಗಗಳು ಮತ್ತು ಅವನ್ನು ಬೆಸೆಯುವ ನರತಂತುಗಳ ಕಟ್ಟುಗಳು. ಇವುಗಳ ಬಗೆಗಿನ ಮೊದಲ ತಿಳಿವಳಿಕೆ ಬಂದದ್ದು ಮಾತು ಕಳೆದುಕೊಂಡವರಿಂದ. ಮಾತಿನ ನೆಲೆ ಮಿದುಳಿನ ಮುಂಭಾಗದಲ್ಲಿದೆ ಎಂದು ಫ್ರಾನ್ಸಿನ ವೈದ್ಯ ಬುಯ್ಯೊ 1825ರಲ್ಲೇ ವಾದಿಸಿದ್ದ. ಹೆಚ್ಚು ಜನ ನಂಬಿರಲಿಲ್ಲ.

1861ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ, ಕಾಲು ಕೊಳೆತು ನರಳುತ್ತಿದ್ದ 51 ವರ್ಷದ ಲೆಬೋರ್ನ್ಯನನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾನ ವಾರ್ಡಿಗೆ ತಂದರು. ಏನು ಕೇಳಿದರೂ ಅವನದು ಒಂದೇ ಉತ್ತರ: 'ತಾನ್, ತಾನ್'. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಂದು ಬೈಗುಳ ಹೊರಡುತ್ತಿತ್ತು. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಬ್ರೋಕಾ ಕೇಳಿದ. ಲೆಬೋರ್ನ್ಯ ಐದೂ ಬೆರಳು ಬಿಡಿಸಿ ನಾಲ್ಕು ಸಲ ಕೈ ತೋರಿಸಿದ, ಆಮೇಲೆ ಒಂದು ಬೆರಳೆತ್ತಿದ. ಇಪ್ಪತ್ತೊಂದು, ಲೆಕ್ಕ ಸರಿಯಾಗಿತ್ತು. ಪ್ರಶ್ನೆ ತಿಳಿದಿತ್ತು, ಉತ್ತರ ಗೊತ್ತಿತ್ತು, ನುಡಿಯಾಗಿ ಹೊರಡುವ ದಾರಿ ಕಟ್ಟಿಹೋಗಿತ್ತು. ಅವನು ತೀರಿಕೊಂಡದ್ದು ಏಪ್ರಿಲ್ 17ರಂದು. ಹಣೆಯ ಹಿಂದಿನ ಹಾಲೆಯ ಎಡಗಡೆ ಕೆಳಭಾಗ ನಶಿಸಿರುವುದನ್ನು ಕಂಡ ಬ್ರೋಕಾ, ಮಿದುಳನ್ನು ಸೀಳದೆ ಇಡಿಯಾಗಿ ಮದ್ಯಸಾರದಲ್ಲಿ ಕಾದಿಟ್ಟ. ಈ ಇತಿಹಾಸದಲ್ಲಿ ಅದಕ್ಕಿಂತ ಬೆಲೆಯುಳ್ಳ ನಿರ್ಧಾರ ಇನ್ನೊಂದಿಲ್ಲ. ಇಂಥ ಹಲವು ರೋಗಿಗಳನ್ನು ನೋಡಿದ ಮೇಲೆ, ಮಾತು ಎಡ ಅರೆಗೋಳದ ಕೆಲಸವೆಂದು 1865ರಲ್ಲಿ ಸಾರಿದ.

1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ, ಆಗಿನ್ನೂ 26ರ ಹರೆಯದವ, ಬೇರೆ ಬಗೆಯ ರೋಗಿಗಳನ್ನು ವಿವರಿಸಿದ. ಇವರು ತಡವರಿಸದೆ ಮಾತಾಡುತ್ತಿದ್ದರು. ಆದರೆ ಆಡಿದ್ದಕ್ಕೆ ಅರ್ಥವಿರುತ್ತಿರಲಿಲ್ಲ, ಕೇಳಿದ್ದು ತಿಳಿಯುತ್ತಿರಲಿಲ್ಲ. ಹಾನಿಯಿದ್ದದ್ದು ಎಡಕಿವಿಯ ಮೇಲಣ ಹಾಲೆಯ ಹಿಂಭಾಗದಲ್ಲಿ. ವರ್ನಿಕೆಯ ಹಿರಿಮೆ ಇನ್ನೊಂದು ತಾಣ ಹುಡುಕಿದ್ದರಲ್ಲಿಲ್ಲ. ಎರಡನ್ನೂ ಕೂಡಿಸುವ ದಾರಿಯೊಂದಿರಬೇಕು, ಅದು ತುಂಡಾದರೆ ಮೂರನೆಯ ಬಗೆಯ ದೋಷ ಕಾಣಬೇಕು ಎಂದು ಮುಂಚಿತವಾಗಿ ಹೇಳಿದ್ದರಲ್ಲಿದೆ. ಕಮಾನಿನಂತೆ ಬಾಗಿದ ಆರ್ಕ್ಯುಯೇಟ್ ತಂತುಕಟ್ಟೇ ಆ ದಾರಿಯೆಂದು ಮುಂದೆ ಪರಿಗಣಿಸಲಾಯಿತು. ಆದರೆ 1906ರಲ್ಲಿ ಫ್ರಾನ್ಸಿನ ನರವೈದ್ಯ ಪಿಯರ್ ಮಾರಿ ಬ್ರೋಕಾನ ತಾಣವನ್ನೇ ಅಲ್ಲಗಳೆದ. ದಾರಿ ತುಂಡಾದರೆ ದೋಷ ಕಾಣುತ್ತದೆಂಬ ವರ್ನಿಕೆಯ ವಿಚಾರಕ್ಕೆ ಮತ್ತೆ ಜೀವ ತುಂಬಿದವನು ಅಮೆರಿಕದ ನರವೈದ್ಯ ನಾರ್ಮನ್ ಗೆಶ್ವಿಂಡ್, 1965ರಲ್ಲಿ.

ಎಂಆರ್‌ಐ ಬಂದ ಮೇಲೆ ಬದುಕಿರುವವರ ನರಮಾರ್ಗಗಳನ್ನೂ ಗುರುತಿಸಲು ಸಾಧ್ಯವಾಯಿತು. ಹಿಕಾಕ್ ಮತ್ತು ಪೊಪೆಲ್ ಎಂಬ ಸಂಶೋಧಕರು ಎರಡು ಹರಿವುಗಳ ಮಾದರಿಯನ್ನು ಮುಂದಿಟ್ಟರು: ಕೆಳಗಿನದು ಧ್ವನಿಯನ್ನು ಅರ್ಥಕ್ಕೆ, ಮೇಲಿನದು ಧ್ವನಿಯನ್ನು ಉಚ್ಚಾರಣೆಗೆ ಜೋಡಿಸುತ್ತದೆ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಪ್ಯಾರಿಸಿನ ಸಂಗ್ರಹಾಲಯದಲ್ಲಿದ್ದ ಲೆಬೋರ್ನ್ಯನ ಮಿದುಳಿಗೇ ಎಂಆರ್‌ಐ ಮಾಡಿದರು. ಹಾನಿ ಬ್ರೋಕಾ ಕಂಡ ಹೊರಪದರದಲ್ಲಷ್ಟೇ ನಿಂತಿರಲಿಲ್ಲ. ಒಳಕ್ಕಿಳಿದು ಇನ್ಸುಲಾ ಎಂಬ ಒಳಮಡಿಕೆಯನ್ನು ದಾಟಿ, ಮುಂದಲೆಯನ್ನು ಹಿಂದಲೆಗೆ ಕೂಡಿಸುವ ಉದ್ದನೆಯ ತಂತುಕಟ್ಟನ್ನೂ ತಿಂದುಹಾಕಿತ್ತು.