ಹೆಸರು ನೆನಪಿಟ್ಟುಕೊಳ್ಳುವ ಊರುಗಳು

ಕಳೆದ ವಾರ ಅಕ್ಕನ ಮಗ ಮನೆಗೆ ಬಂದಿದ್ದ. ನನ್ನ ಕಂಪ್ಯೂಟರ್ ಪರದೆ ಮೇಲೆ ಕಾಡು, ಆ ಕಾಡಿನಲ್ಲಿ ಕೊಡಲಿ ಹಿಡಿದು ಓಡುತ್ತಿರುವ ಉದ್ದ ಗಡ್ಡದ ಕುಳ್ಳ. ನೋಡಿ ನಕ್ಕುಬಿಟ್ಟ. "ಮಾಮಾ, ಇನ್ನೂ ಇದನ್ನೇ ಆಡ್ತಿದೀರಾ? ಇಷ್ಟು ವರ್ಷ ಆಡಿ ಏನ್ ಸಿಕ್ತು?" ಅಂದ. ತಕ್ಷಣ ಉತ್ತರ ಹೊಳೆಯಲಿಲ್ಲ. "ಏನೂ ಇಲ್ಲ, ಊಟಕ್ಕೆ ಬಾ" ಅಂದೆ. ಪ್ರಶ್ನೆ ಮಾತ್ರ ತಲೆಯಲ್ಲೇ ಉಳೀತು. ಅವನಿಗೆ ಹೇಳಲಾಗದ ಉತ್ತರವನ್ನ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡ್ಕೊಂಡು ಬನ್ನಿ :)

ಈ ಆಟಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ ಅಂದರೆ ಸಾವಿರಾರು ಜನ ಇಂಟರ್‌ನೆಟ್ ಮೂಲಕ ಒಂದೇ ಲೋಕದೊಳಗೆ ಹೋಗಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ. ಕ್ರಿಕೆಟ್ ಗೇಮಿನ ಹಾಗೆ ಇದು ಮುಗಿಯುವುದಿಲ್ಲ. ನೀವು ಕಂಪ್ಯೂಟರ್ ಆರಿಸಿ ಮಲಗಿದಾಗಲೂ ಆ ಲೋಕ ನಡೀತಾ ಇರುತ್ತೆ. ಬೆಳಿಗ್ಗೆ ಹೋದರೆ ನಿನ್ನೆ ನಿಮ್ಮ ಹತ್ತಿರ ಜಗಳ ಆಡಿದವನು ಅಲ್ಲೇ ನಿಂತಿರುತ್ತಾನೆ, ನಿಮ್ಮ ಹೆಸರನ್ನೂ ನೆನಪಿಟ್ಟುಕೊಂಡಿರುತ್ತಾನೆ. ಈ ಕೊನೆಯ ಮಾತೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಯಾಕೆ ಅಂತ ಹೇಳೋಕೆ ಮೊದಲಿಂದ ಶುರು ಮಾಡಬೇಕು.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಅನ್ನೋ ವಿದ್ಯಾರ್ಥಿ 'ಮಡ್' ಅನ್ನೋ ಆಟ ಬರೆಯೋಕೆ ಶುರು ಮಾಡಿದ. ಅವನ ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನ ಮುಂದುವರಿಸಿದ. ಚಿತ್ರ ಇಲ್ಲ, ಸದ್ದಿಲ್ಲ, ಬರೀ ಅಕ್ಷರ. 'ಉತ್ತರಕ್ಕೆ ಹೋಗು' ಅಂತ ಟೈಪ್ ಮಾಡಿದರೆ ಮುಂದಿನ ಜಾಗದ ವರ್ಣನೆ ಬರುತ್ತಿತ್ತು. ಅಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದರೆ ಅವನ ಹೆಸರು ಕಾಣಿಸುತ್ತಿತ್ತು. ಆಮೇಲೆ ಬಂದದ್ದೆಲ್ಲ ಇದರ ಮರಿ, ಮೊಮ್ಮರಿಗಳೇ.

ಇದೇ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದ. ಇಸ್ಪೀಟಿನ ನಾಲ್ಕು ರಂಗಿನ ಹಾಗೆ ಆಟಗಾರರಲ್ಲಿ ನಾಲ್ಕು ಜಾತಿ ಅಂತ. ಸಾಧನೆಗೆ ಬಂದವರು, ಲೋಕ ಸುತ್ತಿ ನೋಡೋಕೆ ಬಂದವರು, ಮಾತಾಡೋಕೆ ಬಂದವರು, ಮತ್ತೆ ಬೇರೆಯವರಿಗೆ ಕಾಟ ಕೊಡೋಕೆ ಬಂದವರು. ಒಂದು ಜಾತಿ ಹೆಚ್ಚಾದರೆ ಉಳಿದವರ ಮೇಲೆ ಅದರ ಪರಿಣಾಮ ಆಗುತ್ತೆ ಅನ್ನೋದು ಅವನ ವಾದ. ನಾಲ್ಕನೇ ಜಾತಿ ಹೆಚ್ಚಾದರೆ ಮಾತಾಡೋಕೆ ಬಂದವರು ಊರು ಬಿಡುತ್ತಾರೆ. ಇದು ಆಟಕ್ಕೆ ಮಾತ್ರ ಅನ್ವಯ ಅಂತ ನಿಮಗೆ ಅನ್ನಿಸುತ್ತಾ? ನನಗಂತೂ ಇಲ್ಲ.

ಆ ಕಾಟದ ಮೊದಲ ದೊಡ್ಡ ಕಥೆ ಲ್ಯಾಂಬ್ಡಾಮೂ ಅನ್ನೋ ಅಕ್ಷರಲೋಕದ್ದು. ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್ 1990ರಲ್ಲಿ ಶುರು ಮಾಡಿದ್ದು. ಅಲ್ಲಿ 'ಮಿಸ್ಟರ್ ಬಂಗಲ್' ಅನ್ನೋ ಹೆಸರಿನವನು ಬೇರೆಯವರ ಪಾತ್ರಗಳು ತಾವಾಗಿಯೇ ಹೇಸಿಗೆಯ ಕೆಲಸ ಮಾಡುತ್ತಿರುವ ಹಾಗೆ ಬರೆದು, ತುಂಬಿದ ಕೋಣೆಯಲ್ಲಿ ಅವರಿಗೆ ಅವಮಾನ ಮಾಡಿದ. ಬರೀ ಅಕ್ಷರ ತಾನೇ ಅಂತ ನೀವು ಕೇಳಬಹುದು. ಅವಮಾನ ಆದವರು ನಿಜವಾಗಿ ಅತ್ತರು. ಊರಿನವರೆಲ್ಲ ಸೇರಿ ಸಭೆ ಮಾಡಿದರು, ತೀರ್ಮಾನ ಆಗಲಿಲ್ಲ. ಕೊನೆಗೆ ಆಡಳಿತದ ಒಬ್ಬ ತಾನೇ ಆ ಪಾತ್ರವನ್ನ ಅಳಿಸಿಹಾಕಿದ. ಆಮೇಲೆ ಜನರೇ ಮತ ಹಾಕಿ ನಿರ್ಧರಿಸುವ ಪದ್ಧತಿ ಬಂತು. 1993ರಲ್ಲಿ ಜೂಲಿಯನ್ ಡಿಬ್ಬೆಲ್ ಬರೆದ ಲೇಖನದಿಂದ ಇದು ಹೊರಜಗತ್ತಿಗೆ ಗೊತ್ತಾಯಿತು. ಆದರೆ ಅದೇ ಮನುಷ್ಯ ಬೇರೆ ಹೆಸರು ಇಟ್ಟುಕೊಂಡು ವಾಪಸ್ ಬಂದ! ಹೆಸರು ಕಳಚಿಟ್ಟು ಹೋಗೋದು ಅಷ್ಟು ಸುಲಭ ಇದ್ದರೆ ಯಾವ ಶಿಕ್ಷೆಗೆ ಏನು ಬೆಲೆ?

1997ರಲ್ಲಿ ಅಲ್ಟಿಮಾ ಆನ್‌ಲೈನ್ ಬಂತು. ಚಿತ್ರ ಇರುವ ಲೋಕ, ಮನೆ ಕಟ್ಟಬಹುದು, ಕಮ್ಮಾರ ಆಗಬಹುದು, ಬ್ರೆಡ್ ಸುಟ್ಟು ಮಾರಬಹುದು. ಅದರ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ ಆಟದೊಳಗೆ 'ಲಾರ್ಡ್ ಬ್ರಿಟಿಷ್' ಅನ್ನೋ ರಾಜ. ಆಟ ಬಿಡುಗಡೆಗೆ ಮೊದಲು, ಆಗಸ್ಟ್‌ನಲ್ಲಿ, ಪರೀಕ್ಷೆಯ ಸಮಯದಲ್ಲಿ ರಾಜ ಜನರ ಮುಂದೆ ಭಾಷಣ ಮಾಡುತ್ತಿದ್ದಾಗ ಒಬ್ಬ ಆಟಗಾರ ಬೆಂಕಿಯ ಮಂತ್ರ ಹಾಕಿದ. ಸಾಯದ ಹಾಗೆ ಮಾಡುವ ರಕ್ಷೆ ಆ ದಿನ ರಾಜನಿಗೆ ಇರಲಿಲ್ಲ. ಸತ್ತೇ ಹೋದ :) ಇದು ತಮಾಷೆ. ಆದರೆ ಊರ ಹೊರಗೆ ಕಾಲಿಟ್ಟ ಹೊಸಬರನ್ನೆಲ್ಲ ಕೊಂದು ದೋಚುವವರ ಕಾಟ ತಮಾಷೆಯಾಗಿರಲಿಲ್ಲ. 2000ದಲ್ಲಿ ಕಂಪನಿ ಲೋಕವನ್ನೇ ಎರಡು ಮಾಡಿತು. ಒಂದರಲ್ಲಿ ಹಳೆಯ ನಿಯಮ, ಇನ್ನೊಂದರಲ್ಲಿ ಒಪ್ಪಿಗೆ ಇಲ್ಲದೆ ಯಾರೂ ಯಾರನ್ನೂ ಕೊಲ್ಲುವ ಹಾಗಿಲ್ಲ. ಹೆಚ್ಚಿನ ಜನ ಸುರಕ್ಷಿತ ಲೋಕಕ್ಕೆ ಹೋದರು. ಅದರಿಂದಲೇ ಆಟ ಹಾಳಾಯಿತು ಅಂತ ಹಳಬರು ಇವತ್ತಿಗೂ ಗೊಣಗುತ್ತಾರೆ. ನಾನು ಒಪ್ಪಲ್ಲ. ಕುರಿ ಎಲ್ಲ ಓಡಿಹೋದವು ಅಂತ ತೋಳ ಅತ್ತ ಹಾಗಾಯ್ತು ಅದು.

1999ರ ಎವರ್‌ಕ್ವೆಸ್ಟ್ ಬೇರೆಯೇ ದಾರಿ ಹಿಡೀತು. ನಾನು ಅದನ್ನ ಆಗ ಆಡಿಲ್ಲ, ಮುಂದೆ ನಮ್ಮ ಗುಂಪಿನ ಹಿರಿಯರಿಂದ ಕೇಳಿದ್ದು. ಅಲ್ಲಿ ಸತ್ತರೆ ಸಾಮಾನೆಲ್ಲ ಹೆಣದ ಜೊತೆ ಬಿದ್ದಿರುತ್ತಿತ್ತು. ನೀವು ಬರಿಗೈಯಲ್ಲಿ ದೂರದಲ್ಲೆಲ್ಲೋ ಏಳುತ್ತಿದ್ದಿರಿ. ಮತ್ತೆ ಅದೇ ಅಪಾಯದ ಜಾಗಕ್ಕೆ ನಡೆದು ಹೋಗಿ ಹೆಣ ಹುಡುಕಬೇಕು. ಒಬ್ಬನೇ ಹೋದರೆ ಎರಡನೇ ಹೆಣ ಗ್ಯಾರಂಟಿ! ಪರಿಚಯದವರನ್ನ ಕರೀಬೇಕು, ಗಾಯ ವಾಸಿ ಮಾಡುವವನ ಕೈಕಾಲು ಹಿಡೀಬೇಕು. ದೂರದೂರಿಗೆ ಹೋಗಬೇಕಾದರೆ ಮಾಯದಿಂದ ಕಳಿಸುವವನಿಗೆ ನಾಲ್ಕು ಕಾಸು ಕೊಡಬೇಕು. ಸಾಮಾನು ಮಾರೋಕೆ ಆಟಗಾರರು ತಾವೇ ಒಂದು ಸುರಂಗದಲ್ಲಿ ಸಂತೆ ಶುರು ಮಾಡಿಕೊಂಡಿದ್ದರು. ರಾಕ್ಷಸರನ್ನ ಬೆನ್ನಿಗೆ ಹಾಕಿಕೊಂಡು ಓಡಿ ಬರುವವನು 'ಟ್ರೇನ್! ಟ್ರೇನ್!' ಅಂತ ಕೂಗಿ ಉಳಿದವರನ್ನ ಎಚ್ಚರಿಸುವುದು ಮರ್ಯಾದೆ. ಕೂಗದೆ ಓಡಿದವನ ಹೆಸರು ಊರಿಗೆಲ್ಲ ಗೊತ್ತಾಗುತ್ತಿತ್ತು. ನಾಳೆ ಅವನ ಹೆಣ ತರೋಕೆ ಯಾರೂ ಬರುತ್ತಿರಲಿಲ್ಲ. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಅನ್ನೋ ಅರ್ಥಶಾಸ್ತ್ರಜ್ಞ ಈ ಲೋಕದ ತಲಾ ಉತ್ಪನ್ನವನ್ನ ನಿಜವಾದ ಡಾಲರಿನಲ್ಲಿ ಲೆಕ್ಕ ಹಾಕಿದ. 2,266 ಡಾಲರ್ ಬಂತು, ರಷ್ಯಾ ಮತ್ತು ಬಲ್ಗೇರಿಯಾ ನಡುವಿನ ಜಾಗ!

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದದ್ದು 2004ರ ನವೆಂಬರಿನಲ್ಲಿ. ನಾನು ಸೇರಿದ್ದು 2006ರಲ್ಲಿ. ಯೂರೋಪಿನ ಸರ್ವರ್, ಬ್ರಾಡ್‌ಬ್ಯಾಂಡ್ ಹೆಸರಿನ ಎತ್ತಿನ ಗಾಡಿ. ಅವರ ರಾತ್ರಿ ಎಂಟು ಗಂಟೆಗೆ ದಾಳಿ ಶುರುವಾದರೆ ಚಳಿಗಾಲದಲ್ಲಿ ನನಗೆ ಮಧ್ಯರಾತ್ರಿ ಹನ್ನೆರಡೂವರೆ. ನಲವತ್ತು ಜನ ಒಟ್ಟಿಗೆ ಹೋಗಬೇಕು. ಒಬ್ಬ ತಪ್ಪಿದರೂ ಕೆಲವು ಸಲ ಎಲ್ಲರೂ ಸಾಯಬೇಕು. ಮಧ್ಯದಲ್ಲಿ ನಮ್ಮ ಕರೆಂಟ್ ಹೋಗುತ್ತಿತ್ತು. ಮೊದಮೊದಲು ಬೈದರು. ಭಾರತದವನು ಅಂತ ಗೊತ್ತಾದ ಮೇಲೆ ಕಾಲ್ ಸೆಂಟರ್ ಜೋಕು ಹೊಡೆದರು. ನಮ್ಮ ಗುಂಪಿನಲ್ಲಿ ಪೋರ್ಚುಗಲ್‌ನ ಒಬ್ಬ ಇದ್ದ, ಗಾಯ ವಾಸಿ ಮಾಡುವ ಪೂಜಾರಿಯ ಪಾತ್ರ. ಅವನೊಬ್ಬ ಮಾತ್ರ ಏನಾಯಿತು ಅಂತ ಕೇಳಿದ. ಲೋಡ್ ಶೆಡ್ಡಿಂಗ್ ಅಂದರೇನು ಅಂತ ವಿವರಿಸಿದೆ. ಅವತ್ತಿಂದ ನಾನು ನಿಂತಲ್ಲೇ ಕಲ್ಲಾದರೆ ಅವನು ಎಲ್ಲರಿಗೂ 'ಕರೆಂಟ್' ಅಂತ ಬರೆಯುತ್ತಿದ್ದನಂತೆ. ಕೆಲವು ತಿಂಗಳಲ್ಲಿ ನಲವತ್ತು ಜನ ಯೂರೋಪಿಯನ್ನರಿಗೆ ಅದು ಒಂದು ಪದವೇ ಆಯಿತು. ಯಾರದೇ ಕನೆಕ್ಷನ್ ಹೋದರೂ 'ಕರೆಂಟ್'!

ಆಮೇಲೆ 2009ರ ಡಿಸೆಂಬರಿನಲ್ಲಿ 'ಡಂಜನ್ ಫೈಂಡರ್' ಬಂತು. ಒಂದು ಗುಂಡಿ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರಿನ ಐದು ಜನರನ್ನ ಕೂಡಿಸಿ ನೇರ ಗುಹೆಯ ಬಾಗಿಲಿಗೆ ಬಿಡುತ್ತೆ. ಸತ್ಯ ಹೇಳಬೇಕಂದರೆ ಆಗ ಖುಷಿಯಿಂದ ಕುಣಿದವರಲ್ಲಿ ನಾನೂ ಒಬ್ಬ. ಅದಕ್ಕೆ ಮೊದಲು ಪೇಟೆ ಮಧ್ಯೆ ನಿಂತು 'ಒಬ್ಬ ಹೀಲರ್ ಬೇಕು' ಅಂತ ಒಂದು ಗಂಟೆ ಕೂಗಿ ಗಂಟಲು ಒಣಗಿಸಿಕೊಂಡಿದ್ದೆ. ಮನೆಯಲ್ಲಿ ಮಗು ಇದ್ದವರಿಗೆ, ಬೆಳಿಗ್ಗೆ ಆಫೀಸಿಗೆ ಹೋಗುವವರಿಗೆ ಆ ಒಂದು ಗಂಟೆ ಕಮ್ಮಿಯಲ್ಲ. ಆದರೆ ಕೆಲವು ತಿಂಗಳಾದ ಮೇಲೆ ಗಮನಕ್ಕೆ ಬಂತು... ಐದು ಜನ ಸೇರುತ್ತೇವೆ, ಇಪ್ಪತ್ತು ನಿಮಿಷ ಹೊಡೆದಾಡುತ್ತೇವೆ, ಹಲೋ ಕೂಡ ಅನ್ನದೆ ಬೇರೆಯಾಗುತ್ತೇವೆ. ಮತ್ತೆ ಈ ಜನ್ಮದಲ್ಲಿ ನೋಡಲ್ಲ. ಒಬ್ಬ ಸಾಮಾನು ಕದ್ದು ಓಡಿದರೆ ಅವನ ಹೆಸರನ್ನ ಯಾರಿಗೆ ಹೇಳೋದು? ಒಬ್ಬ ಒಳ್ಳೆಯವನು ಸಿಕ್ಕರೂ ಅಷ್ಟೇ, ಅವನು ಬೇರೆ ಊರಿನವನು. 2010ರ ಅಕ್ಟೋಬರಿನಲ್ಲಿ ಚಂದಾದಾರರು ಒಂದು ಕೋಟಿ ಇಪ್ಪತ್ತು ಲಕ್ಷ ಮುಟ್ಟಿದರು. ಅಷ್ಟು ಜನರ ನಡುವೆ ನನಗೆ ಒಂಟಿತನ ಕಾಡಿದ್ದು ಅದೇ ಸಮಯದಲ್ಲಿ.

ಹಳೆಯ ದಿನ ವಾಪಸ್ ಬೇಕು ಅನ್ನುವವರು ನಾನೊಬ್ಬನೇ ಅಲ್ಲ. ನೊಸ್ಟಾಲ್ರಿಯಸ್ ಅನ್ನೋ, ಅಭಿಮಾನಿಗಳು ಅನುಮತಿ ಇಲ್ಲದೆ ನಡೆಸುತ್ತಿದ್ದ ಹಳೆಯ ಆವೃತ್ತಿಯ ಸರ್ವರನ್ನ 2016ರಲ್ಲಿ ಕಂಪನಿ ಮುಚ್ಚಿಸಿದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಕೊನೆಗೆ 2019ರ ಆಗಸ್ಟಿನಲ್ಲಿ ಕಂಪನಿಯೇ 'ಕ್ಲಾಸಿಕ್' ಬಿಡುಗಡೆ ಮಾಡಿತು. ಮೊದಲ ವಾರ ಒಂದೇ ರಾಕ್ಷಸನನ್ನ ಹೊಡೆಯೋಕೆ ಜನ ರೇಷನ್ ಅಂಗಡಿ ಮುಂದಿನ ಹಾಗೆ ಸಾಲಾಗಿ ನಿಂತಿದ್ದರು. ನಾನೂ ನಿಂತೆ, ಕಣ್ಣಲ್ಲಿ ನೀರು ಬಂತು. ಆದರೆ ರಾಗ್ನರೋಸ್ ಅನ್ನೋ ಬೆಂಕಿರಾಜನನ್ನ ಮೊದಲ ಸಲ ಕೊಲ್ಲೋಕೆ ಜಗತ್ತಿಗೆ ಐದು ತಿಂಗಳು ಹಿಡಿದಿತ್ತು. 2019ರಲ್ಲಿ ಒಂದು ವಾರದೊಳಗೆ ಸತ್ತ. ಲೋಕ ಅದೇ, ಹೋದವರು ಬದಲಾಗಿದ್ದರು. ಎಲ್ಲರಿಗೂ ಎಲ್ಲ ಗೊತ್ತಿತ್ತು, ಎಲ್ಲರಿಗೂ ಅವಸರ ಇತ್ತು. ನನಗೂ!

ಅಂದರೆ ಕಷ್ಟ ಇದ್ದರೆ ಸ್ನೇಹ ಬೆಳೆಯುತ್ತೆ ಅಂತ ನಾನು ಬಹಳ ವರ್ಷ ನಂಬಿದ್ದು ಅರ್ಧ ಸತ್ಯ. ಇನ್ನರ್ಧ ಕಲಿಸಿದ್ದು ನಾರ್ವೆಯ ಮಾಟ್ಸ್ ಸ್ಟೀನ್ ಕಥೆ. ಡುಷೆನ್ ಅನ್ನೋ, ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಕಾಯಿಲೆ ಅವನಿಗೆ. ಗಾಲಿಕುರ್ಚಿ, ಆಮೇಲೆ ಬೆರಳು ಮಾತ್ರ ಆಡುವ ಸ್ಥಿತಿ. 2014ರ ನವೆಂಬರಿನಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಸ್ನೇಹಿತರಿಲ್ಲದೆ, ಪ್ರೀತಿ ಕಾಣದೆ ಹೋದ ಅನ್ನೋದು ತಂದೆತಾಯಿಯ ಸಂಕಟ. ಅವನು ಬರೆಯುತ್ತಿದ್ದ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರು. ಒಂದರ ಹಿಂದೆ ಒಂದು ಇಮೇಲ್ ಬರೋಕೆ ಶುರುವಾಯಿತು. ವಾರ್‌ಕ್ರಾಫ್ಟ್‌ನಲ್ಲಿ ಅವನು 'ಇಬೆಲಿನ್', ಸ್ಟಾರ್‌ಲೈಟ್ ಅನ್ನೋ ಗುಂಪಿನ ಪತ್ತೇದಾರ. ಆಟದ ಕಾರಣಕ್ಕೆ ಮಗಳ ಕಂಪ್ಯೂಟರ್ ಕಿತ್ತುಕೊಂಡಿದ್ದ ಅಪ್ಪ ಅಮ್ಮನಿಗೆ ಪತ್ರ ಬರೆದಿದ್ದ. ಮಗನನ್ನ ಅಪ್ಪಿಕೊಳ್ಳೋಕಾಗದೆ ಒದ್ದಾಡುತ್ತಿದ್ದ ಒಬ್ಬ ತಾಯಿಗೆ, ಆಟದೊಳಗೆ ಮಗನ ಜೊತೆ ಮಾತು ಶುರು ಮಾಡು ಅಂತ ದಾರಿ ತೋರಿಸಿದ್ದ. ಗುಂಪಿನ ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದರು. ಗುಂಪಿನವರು ಉಳಿಸಿಟ್ಟಿದ್ದ ಸುಮಾರು 42,000 ಪುಟಗಳ ಮಾತುಕತೆ ಆಧರಿಸಿ ಬೆಂಜಮಿನ್ ರೀ ಅನ್ನೋ ನಿರ್ದೇಶಕ ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ಬಂತು. ನಾನು ನೋಡಿದ್ದು ಒಬ್ಬನೇ, ರಾತ್ರಿ.

ಗಮನಿಸಿ, ಡಂಜನ್ ಫೈಂಡರ್ ಬಂದು ಐದು ವರ್ಷ ಆದ ಮೇಲೂ ಈ ಗುಂಪು ಹಾಗೇ ಇತ್ತು. ಅವರು ರಾಕ್ಷಸರನ್ನ ಕೊಲ್ಲೋಕೆ ಸೇರಿದವರಲ್ಲ, ಪಾತ್ರವಾಗಿ ಮಾತಾಡೋಕೆ ಸೇರಿದವರು. ದಿನಾ ಅದೇ ಜಾಗ, ಅದೇ ಹೆಸರು. ನಮ್ಮ ಯಕ್ಷಗಾನದಲ್ಲಿ ವೇಷ ಕಟ್ಟಿದವನನ್ನ ಜನ ವೇಷದ ಹೆಸರಲ್ಲೂ ಗುರುತಿಸುತ್ತಾರೆ, ಅವನ ಹೆಸರಲ್ಲೂ ಗುರುತಿಸುತ್ತಾರೆ. ಅದೂ ಹಾಗೇ. ಊರು ಕಟ್ಟೋದು ಕಷ್ಟವೂ ಅಲ್ಲ, ಅನುಕೂಲವೂ ಅಲ್ಲ. ನಾಳೆಯೂ ಇದೇ ಜನರ ಮುಖ ನೋಡಬೇಕು ಅನ್ನೋದು ಊರು ಕಟ್ಟುತ್ತೆ.

ಇಷ್ಟಾದರೂ ಆ ಊರಿನ ನೆಲ ನಮ್ಮದಲ್ಲ. 2011ರ ಡಿಸೆಂಬರಿನಲ್ಲಿ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಮುಚ್ಚಿತು. 2012ರ ನವೆಂಬರ್ 30ಕ್ಕೆ ಸಿಟಿ ಆಫ್ ಹೀರೋಸ್. ಮುಚ್ಚುವ ಸುದ್ದಿ ಬಂದಾಗ ಅದರ ಆಟಗಾರರು ಪೇಟೆ ಚೌಕದಲ್ಲಿ ದೀವಟಿಗೆ ಹಿಡಿದು ನಿಂತರು. ಆಮೇಲೆ ಗುಟ್ಟಾಗಿ ಉಳಿಸಿಕೊಂಡಿದ್ದವರ ಸರ್ವರ್ 2019ರಲ್ಲಿ ಬಯಲಾಯಿತು. 2024ರ ಜನವರಿಯಲ್ಲಿ 'ಹೋಮ್‌ಕಮಿಂಗ್' ಅನ್ನೋ ಅಭಿಮಾನಿಗಳ ಬಳಗಕ್ಕೆ ಕಂಪನಿ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ಎಲ್ಲ ಊರಿಗೂ ಆ ಅದೃಷ್ಟ ಇರಲ್ಲ.

ಮತ್ತೆ ನಮ್ಮ ಪೋರ್ಚುಗಲ್‌ನ ಪೂಜಾರಿ. 2011ರ ಒಂದು ದಿನದಿಂದ ಬರಲಿಲ್ಲ. ಪರೀಕ್ಷೆಯೋ, ಮದುವೆಯೋ, ಬೇಜಾರೋ, ಇನ್ನೇನೋ. ಅವನ ನಿಜವಾದ ಹೆಸರು ನಾವ್ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಗುಂಪಿನ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಕೊನೆಗೆ ಬಂದು ಎಷ್ಟು ದಿನ ಆಯಿತು ಅಂತ ತೋರಿಸುತ್ತೆ. ತುಂಬಾ ದಿನ ಬಾರದವರನ್ನ ತೆಗೆದುಹಾಕೋದು ವಾಡಿಕೆ. ಈಗ ಗುಂಪಿನಲ್ಲಿ ಹಳಬರು ನಾಲ್ಕೇ ಜನ, ಯಜಮಾನಿಕೆ ನನ್ನ ತಲೆಗೆ ಬಿದ್ದಿದೆ. ಪಟ್ಟಿ ಶುಚಿ ಮಾಡುವಾಗೆಲ್ಲ ಅವನ ಹೆಸರಿನ ಹತ್ತಿರ ಬರುತ್ತೇನೆ, ವರ್ಷಗಳ ಲೆಕ್ಕ ನೋಡುತ್ತೇನೆ, ಮುಂದೆ ಹೋಗುತ್ತೇನೆ.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳ ನೆಟ್ ಕಡಿದುಹೋಯಿತು. ವಾಪಸ್ ಬಂದವಳು 'ಸಾರಿ, ಕರೆಂಟ್' ಅಂತ ಬರೆದಳು. ಪೋಲೆಂಡಿನವಳು. ಆ ಪದ ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿಲ್ಲ.

ಅಕ್ಕನ ಮಗನಿಗೆ ಇದನ್ನೇ ಹೇಳಬೇಕಿತ್ತು. ಮುಂದಿನ ಸಲ ಬಂದಾಗ ಹೇಳ್ತೀನಿ. ನಿಮ್ಮ ಬ್ಲಾಗಿನ ಪಕ್ಕದ ಪಟ್ಟಿಯಲ್ಲೂ ಬರೆಯೋದು ನಿಲ್ಲಿಸಿ ಎಷ್ಟೋ ವರ್ಷ ಆದ ಒಂದಾದರೂ ಹೆಸರು ಇರುತ್ತಲ್ಲ? ತೆಗೀಬೇಡಿ, ಇರಲಿ.